ಹಿಂದಿನ ಸಾಲಿನ ಇಬ್ಬರು

ಕೆಂಪು ದಾರಗಳ ಕೆಳಗೆ ಹಾದುಹೋಗಲು ಕಾಮಾಕ್ಷಿ ಒಪ್ಪಲಿಲ್ಲ.

ಗ್ಯಾಲರಿಯ ಬಾಗಿಲು ದಾಟಿದ ಕೂಡಲೇ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಆಳೆತ್ತರದಲ್ಲಿ, ದಾರಗಳನ್ನು ಬಿಗಿದು ಕಟ್ಟಿದ್ದರು. ಬಂದವರೆಲ್ಲ ತಲೆ ತಗ್ಗಿಸಿ, ನಗುತ್ತಾ, ಫೋನಿನಲ್ಲಿ ಫೋಟೊ ಹಿಡಿಯುತ್ತಾ ಅದರ ಅಡಿಯಿಂದಲೇ ಒಳಗೆ ಹೋಗುತ್ತಿದ್ದರು. ಕಾಮಾಕ್ಷಿ ಮಾತ್ರ ಹೊಸ್ತಿಲಲ್ಲೇ ನಿಂತು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು.

"ಮಾಸಿ, ಅದು ಬರೀ ಉಲ್ಲನ್. ಹೃದಯದ ರಕ್ತನಾಳ ಅಂತ ನಮ್ಮ ಕಲಾವಿದರು ಮಾಡಿದ್ದು," ಎಂದಳು ಸ್ವಾಗತಕ್ಕೆ ನಿಂತಿದ್ದ ಕೃಪಾ ಎಂಬ ಹುಡುಗಿ, ಗುಜರಾತಿಯಲ್ಲಿ.

"ಇವಳಿಗೆ ದಾರ ಕಂಡರೆ ಆಗುವುದಿಲ್ಲ ಬೇಟಾ. ಬೇರೆ ಬಾಗಿಲಿದ್ದರೆ ಹೇಳು," ಎಂದ ಕಾಮಾಕ್ಷಿಯ ಗಂಡ ಸುಬ್ಬರಾಯ, ಮೆಲ್ಲಗೆ.

ಇವರು ಯಾರೆಂದು ಹುಡುಗಿಗೆ ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, ಕಟ್ಟಡವನ್ನು ಸುತ್ತಿ ಹಿಂಬದಿಯ ಬಾಗಿಲಿನಿಂದ, ಚಹಾ ಕಾಯಿಸುವ ಜಾಗವನ್ನೂ ನೀರಿನ ಕೂಲರನ್ನೂ ದಾಟಿಸಿ ಅವರನ್ನು ಸಭಾಂಗಣಕ್ಕೆ ಕರೆತಂದಳು.

ಮಗಳು ಮನಸ್ವಿನಿ ಹೋದದ್ದು ದಾರದಿಂದಲೇ. ಎರಡು ವರ್ಷದ ಹಿಂದೆ, ಗಾಳಿಪಟ ಹಾರಿಸುವ ಉತ್ತರಾಯಣದ ಹಬ್ಬದ ಮಧ್ಯಾಹ್ನ, ಸೂರತ್ತಿನ ವರಾಛಾದ ಫ್ಲೈಓವರ್ ಮೇಲೆ, ಯಾರದೋ ಮಾಳಿಗೆಯಿಂದ ತುಂಡಾಗಿ ಬಂದ ಗಾಳಿಪಟದ ಮಾಂಜಾ, ಗಾಜಿನ ಪುಡಿ ಸವರಿದ ದಾರ, ಅವಳ ಸ್ಕೂಟರಿಗೆ ಅಡ್ಡವಾಯಿತು. ಕುತ್ತಿಗೆಗೆ ಆದದ್ದು ಒಂದು ಗೀರು ಅಷ್ಟೆ. ಅದನ್ನು ಸರಿಸಲು ಕೈ ಎತ್ತಿದ್ದೇ ತಪ್ಪಾಯಿತು. ಸ್ಕೂಟರ್ ಜಾರಿ ತಲೆ ಡಿವೈಡರಿಗೆ ಬಡಿಯಿತು. ಬಟ್ಟೆಯ ಡಿಸೈನ್ ಕಲಿಯುತ್ತಿದ್ದ ಹುಡುಗಿ. ಅಮ್ಮನ ಕುಂದಾಪುರದ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದವಳು. ಆಸ್ಪತ್ರೆಯಲ್ಲಿ ಅವಳ ಮೈ ಬೆಚ್ಚಗಿತ್ತು, ಎದೆ ಏರಿಳಿಯುತ್ತಿತ್ತು, ಉಗುರಿಗೆ ಹಚ್ಚಿದ ಬಣ್ಣ ಹಾಗೆಯೇ ಇತ್ತು. ಮಿದುಳು ಸತ್ತಿದೆ ಎಂದರು ಡಾಕ್ಟರು. ಅಂಗದಾನದ ಟ್ರಸ್ಟಿನ ಶಕುಂತಲಾಬೆನ್ ಬಂದು, ಕೈಮುಗಿದು, ಕೇಳಬಾರದ್ದನ್ನು ಕೇಳಿದರು.

"ಎದೆ ಬಡೀತಾ ಇತ್ತ್ ಕಾಣಿ! ಕೈ ಇಟ್ಟ್ ಕಾಣಿ ಒಂದ್ ಸಲ!" ಎಂದು ಕಾಮಾಕ್ಷಿ ಮಗಳ ಮೇಲೆ ಬಿದ್ದುಕೊಂಡಿದ್ದಳು. "ಬಡೀತಾ ಇಪ್ಪ್ ಎದೆ ಕೊಯ್ಯುಕೆ ಕೊಡ್ತ್ರ್ಯಾ ನೀವ್?"

ಸುಬ್ಬರಾಯ ಗೋಡೆಗೆ ಒರಗಿ ನಿಂತಲ್ಲಿಂದಲೇ ಹೇಳಿದ: "ಇಲ್ದಿರೆ ನಾಳೆ ಬೆಂಕಿಗ್ ಹಾಕುದ್ ಅದನ್ನೂ ಅಲ್ದಾ, ಕಾಮಾಕ್ಷಿ?"

ಜವಾಬಿಲ್ಲದ ಮಾತನ್ನು ಕ್ಷಮಿಸುವುದು ಕಷ್ಟ. ಅವನೊಬ್ಬನೇ ಸಹಿ ಮಾಡಿದ. ಪೊಲೀಸರು ರಸ್ತೆಯನ್ನೆಲ್ಲ ತೆರವು ಮಾಡಿಸಿದರು, ಆಂಬುಲೆನ್ಸು ವಿಮಾನ ನಿಲ್ದಾಣಕ್ಕೆ ಓಡಿತು, ಮಗಳ ಹೃದಯ ಅಹಮದಾಬಾದಿನ ಆಸ್ಪತ್ರೆಗೆ ಹಾರಿಹೋಯಿತು. ಅಂದಿನಿಂದ ಅವರಿಬ್ಬರ ನಡುವೆ ಉಳಿದದ್ದು ತಾವು ನಡೆಸುತ್ತಿದ್ದ ಹೋಟೆಲಿನ ಮಾತು ಮಾತ್ರ. ಉದ್ದು ನೆನೆಹಾಕಿದ್ದಾರೋ, ಗ್ಯಾಸ್ ಬಂತೋ, ಜೈನರ ಸಾಂಬಾರಿನ ಪಾತ್ರೆ ಬೇರೆ ಇಟ್ಟಿದ್ದಾರೋ. ವಜ್ರ ಉಜ್ಜುವ ಕೆಲಸದವರು ಬೆಳಿಗ್ಗೆ ಬಂದು ಇಡ್ಲಿ ತಿನ್ನುವಾಗ ಗಲ್ಲಾದಲ್ಲಿ ಸುಬ್ಬರಾಯ, ಒಳಗೆ ಕಾಮಾಕ್ಷಿ. ಮೇಲಿನ ಮನೆಯಲ್ಲಿ ಮಲಗುವ ಕೋಣೆಯೂ ಬೇರೆಯಾಯಿತು.

ಅಹಮದಾಬಾದಿನಲ್ಲಿ ಆ ಹೃದಯ ಪಡೆದವನು ವಡೋದರಾದ ಕೇತನ್, ರಾವ್‌ಪುರಾದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಟ್ರಸ್ಟಿನವರು ಅವನನ್ನು ಒಮ್ಮೆ ಸೂರತ್ತಿಗೆ ಕರೆತಂದಾಗ ಕಾಮಾಕ್ಷಿ ಹೋಗಿರಲಿಲ್ಲ. ಸುಬ್ಬರಾಯ ಹೋಗಿ, ಡಾಕ್ಟರ ಸ್ಟೆತಸ್ಕೋಪು ಕಿವಿಗಿಟ್ಟುಕೊಂಡು ಕೇಳಿ ಬಂದ. ಅಂದು ರಾತ್ರಿ ಊಟದ ಮೇಜಿನ ಮೇಲೆ ಎರಡು ಬೆರಳಿನಿಂದ ಆ ಬಡಿತವನ್ನು ಬಡಿದು ತೋರಿಸಿದ. ಅವಳು ತಟ್ಟೆ ಬಿಟ್ಟು ಎದ್ದುಹೋದಳು.

ಈ ಸಲ ಅವಳು ಬಂದದ್ದು ಯಾಕೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ವಡೋದರಾದ ಒಂದು ಗ್ಯಾಲರಿಯಲ್ಲಿ ಭಾನುವಾರ ಬೆಳಿಗ್ಗೆ ಹೃದಯದ ಬಗ್ಗೆ ಕವಿತೆ, ಸಂಗೀತ. ದಾನ ಕೊಟ್ಟವರ ಮನೆಯವರಿಗೆ ಸನ್ಮಾನ. ಕೇತನನ ಎದೆಯ ಸದ್ದನ್ನೇ ಹಿಡಿದಿಟ್ಟು ಅದಕ್ಕೆ ತಬಲಾ, ಸಾರಂಗಿ ನುಡಿಸುತ್ತಾರಂತೆ ಎಂದು ಸುಬ್ಬರಾಯ ಹೇಳಿದಾಗ ಎಂದಿನಂತೆ ಬೇಡ ಎನ್ನಲು ಬಾಯಿ ತೆರೆದಿದ್ದಳು. "ಒಂದೇ ಸಲ ಬಾ," ಎಂದ ಅವನು. "ಕೇಂಡ್ಕಂಡ್ ಬಪ್ಪ. ಮತ್ತೆ ಸಿಕ್ಕುದಿಲ್ಲ." ಅವನ ದನಿಯಲ್ಲಿ ಒತ್ತಾಯವಿರಲಿಲ್ಲ, ಆಯಾಸವಿತ್ತು. ಅವಳು ಹ್ಞೂಂ ಅಂದುಬಿಟ್ಟಳು. ಆಮೇಲೆ ಒಳಗೊಳಗೇ ಒಂದು ಆಸೆ ಬೇರುಬಿಟ್ಟಿತು: ಕೇತನ್ ಬಂದೇ ಬರುತ್ತಾನೆ. ಯಾರು ಏನೇ ಅಂದುಕೊಳ್ಳಲಿ, ಅವನ ಎದೆಯ ಮೇಲೆ ಅಂಗೈ ಇಡಬೇಕು.

ಸಭಾಂಗಣದ ಬಿಳಿ ಗೋಡೆಗಳ ತುಂಬ ಹೃದಯಗಳಿದ್ದವು. ಗಾಜಿನದು, ತಗಡಿನದು, ಒಡೆದ ಬಳೆಚೂರುಗಳದ್ದು. ಮುಂದಿನ ಸಾಲಿನಲ್ಲಿ ದಾನಿಗಳ ಮನೆಯವರು. ಅವರ ಪಕ್ಕದಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು, ಕಾಲ ಬುಡದಲ್ಲಿ ಪುಟ್ಟ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡ ಒಬ್ಬ ಹೆಂಗಸು. ಹೃದಯಕ್ಕಾಗಿ ಕಾಯುತ್ತಿರುವವಳು ಎಂದು ಯಾರೋ ಪಿಸುಗುಟ್ಟಿದರು.

ಮೊದಲು ಕವಿಗಳು. ಉದ್ದ ಕೂದಲಿನ ಒಬ್ಬ ತರುಣ ಕಣ್ಣು ಮುಚ್ಚಿ ಹಿಂದಿಯಲ್ಲಿ ಓದಿದ. ನೀನು ಕೇಳಿದ್ದು ಒಂದು ನಗು, ನಾನೋ ಎದೆಯನ್ನೇ ಬಗೆದು ಕೊಟ್ಟೆ. ಖಾಲಿಯಾದ ಗೂಡಿನಲ್ಲಿ ಈಗ ನಿನ್ನ ಹೆಸರೇ ರೆಕ್ಕೆ ಬಡಿಯುತ್ತಿದೆ ಎಂಬರ್ಥದ ಸಾಲುಗಳು.

"ವಾಹ್! ಕ್ಯಾ ಬಾತ್ ಹೈ!" ಎಂದು ಸಭೆ ತಲೆದೂಗಿತು. ಇನ್ನೊಮ್ಮೆ ಓದಿಸಿದರು. ಅವನು ಬಲಗೈಯನ್ನು ಎದೆಯಿಂದ ಕಿತ್ತು ಮುಂದಕ್ಕೆ ಚಾಚಿ ತೋರಿಸುತ್ತಾ ಇನ್ನೊಮ್ಮೆ ಓದಿದ.

ಕಾಮಾಕ್ಷಿಗೆ ಕಂಡದ್ದು ಹೊಲಿಗೆ. ಕೊನೆಯ ಸ್ನಾನ ಮಾಡಿಸುವಾಗ ಮಗಳ ಗಂಟಲ ಗುಳಿಯಿಂದ ಹೊಕ್ಕುಳದವರೆಗೆ, ಅಕ್ಕಿ ಮೂಟೆಯ ಬಾಯಿ ಹೊಲಿದ ಹಾಗೆ, ದಪ್ಪ ಕಪ್ಪು ನೂಲಿನಲ್ಲಿ ಹಾಕಿದ್ದ ಹೊಲಿಗೆ. ನೀರು ಅದರ ಮೇಲಿಂದ ಹರಿಯುವಾಗ ಒಂದೊಂದು ಗಂಟಿನಲ್ಲೂ ತಡೆದು ತಡೆದು ಇಳಿದಿತ್ತು.

ಅವಳು ಎದ್ದಳು. "ನೀರ್ ಕುಡ್ಕಂಡ್ ಬತ್ತೆ," ಎಂದಳು. ಸುಬ್ಬರಾಯ ತಲೆಯಾಡಿಸಿದ, ಅವನ ಕಣ್ಣು ವೇದಿಕೆಯ ಮೇಲೆ, ಇನ್ನೂ ಮುಸುಕು ತೆಗೆಯದ ತಬಲಾಗಳ ಮೇಲಿತ್ತು.

ನೀರಿನ ಕೂಲರಿನ ಹತ್ತಿರ ಗೋಡೆಗೆ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಚೀಚೆ. ಮಾಸಲು ಬಿಳಿಯ ಚೂಡಿದಾರ, ಬೋಳು ಹಣೆ. ಕಾಮಾಕ್ಷಿ ಲೋಟಕ್ಕೆ ಕೈ ಚಾಚಿದ್ದಷ್ಟೆ, ಅವಳು ದೆವ್ವ ಕಂಡವಳಂತೆ ನೆಟ್ಟ ನೋಟದಿಂದ ನೋಡಿದಳು.

"ನೀವು... ಮನಸ್ವಿನಿಯ ಮಮ್ಮಿ ಅಲ್ಲವಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ನಮ್ಮ ಮನೆಯ ದೇವರ ಗೂಡಿನಲ್ಲಿ ಅವಳ ಫೋಟೊ ಇದೆ ಮಾಸಿ. ಅದೇ ಕಣ್ಣು ನಿಮ್ಮದು. ನಾನು ಪ್ರಾರ್ಥನಾ. ಕೇತನನ ಹೆಂಡತಿ."

ಕಾಮಾಕ್ಷಿಯ ಮುಖ ಅರಳಿತು. ಎಷ್ಟೋ ದಿನಗಳಿಂದ ಆ ಮುಖ ಹಾಗೆ ಅರಳಿರಲಿಲ್ಲ. "ಎಲ್ಲಿ ಕೇತನ್? ಬಂದಿದ್ದಾನಲ್ಲ? ಒಂದು ಗಳಿಗೆ ನಾನು ಅವನನ್ನು..." ಎನ್ನುತ್ತಿದ್ದವಳು ಆ ಬೋಳು ಹಣೆಯನ್ನು ಆಗ ನಿಜವಾಗಿ ನೋಡಿದಳು.

ಪ್ರಾರ್ಥನಾ ಕುಸಿದು ಅವಳ ಪಾದ ಹಿಡಿದುಕೊಂಡಳು. "ಸಾಚವೀ ನ ಶಕ್ಯಾ, ಮಾಸಿ," ಎಂದಳು. ಉಳಿಸಿಕೊಳ್ಳಲಾಗಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದಳು. ಆಮೇಲೆ ಮಾತು ಕಟ್ಟೆಯೊಡೆದು ಬಂತು. "ದೀಪಾವಳಿ ಕಳೆದ ಮೇಲೆ ಜ್ವರ ಬಂತು. ಅವರ ಮೈ ಆ ಹೃದಯವನ್ನು ಒಪ್ಪಲಿಲ್ಲವಂತೆ. ಒಂದು ಮಾತ್ರೆ ತಪ್ಪಿಸಿದವರಲ್ಲ ಮಾಸಿ, ಹೊರಗಿನ ನೀರು ಒಂದು ಗುಟುಕು ಕುಡಿದವರಲ್ಲ. ಮದುವೆ ಮನೆಗೂ ಹೋಗುತ್ತಿರಲಿಲ್ಲ. ನಮ್ಮ ಕಡೆಯಿಂದ ತಪ್ಪಾಗಿಲ್ಲ. ನಿಮ್ಮ ಮಗಳು ನನಗೆ ಎರಡು ದೀಪಾವಳಿ ಕೊಟ್ಟಳು. ನಾನೇ ಅವಳನ್ನು ಉಳಿಸಿಕೊಳ್ಳಲಿಲ್ಲ."

ಕಾಮಾಕ್ಷಿಯ ಒಳಗೆ ಮೊದಲು ಎದ್ದದ್ದು ದುಃಖವಲ್ಲ. ಮುಂದಿನ ಸಾಲಿಗೆ ಓಡಿಹೋಗಿ ಗಂಡನ ಅಂಗಿ ಹಿಡಿದು, ಕಂಡ್ರಾ, ಇದಕ್ಕಾ ಕೊಟ್ಟದ್ದು, ಇದಕ್ಕಾ ಕೊಯ್ಸಿದ್ದು ಎಂದು ಕೂಗಬೇಕು ಅನ್ನಿಸಿತು. ಆ ಮಾತನ್ನು ಅವಳು ಅಂದಿನಿಂದ ಹಲ್ಲುಕಚ್ಚಿ ಇಟ್ಟುಕೊಂಡಿದ್ದಳು. ಈಗ ಅದಕ್ಕೆ ಸಾಕ್ಷಿಯೇ ಸಿಕ್ಕಿತ್ತು. ಆದರೆ ಕಾಲು ಏಳಲಿಲ್ಲ. ಕಾಲ ಮೇಲೆ ಈ ಹೆಣ್ಣಿನ ತಲೆಯ ಭಾರವಿತ್ತು. ಮಗಳು ಮನು ಅತ್ತಾಗಲೂ ಹೀಗೆಯೇ ಹೆಗಲು ಮೊದಲು ನಡುಗುತ್ತಿತ್ತು. ಕಾಮಾಕ್ಷಿ ಬಗ್ಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ನೀನು ಉಳಿಸಬೇಕಾದದ್ದು ಅಲ್ಲ ಅದು," ಎಂದಳು.

ಅಷ್ಟರಲ್ಲಿ ಶಕುಂತಲಾಬೆನ್ ಒಳಗಿನಿಂದ ಬಂದವರು ಇಬ್ಬರನ್ನೂ ಕಂಡು ಅಲ್ಲೇ ನಿಂತರು. ವಯಸ್ಸಾದ ಹೆಂಗಸು, ಸುಳ್ಳು ಹೇಳಿ ರೂಢಿಯಿಲ್ಲದ ಮುಖ.

"ಕಾರ್ಯಕ್ರಮ ಮುಗಿದ ಮೇಲೆ ನಾನೇ ಹೇಳುವವಳಿದ್ದೆ, ಕಾಮಾಕ್ಷಿಬೆನ್," ಎಂದರು. "ಒಳಗೆ ಆ ಸಿಲಿಂಡರಿನ ಹುಡುಗಿಯನ್ನು ನೋಡಿದಿರಲ್ಲ? ನಿನ್ನೆಯಷ್ಟೇ ಆಪರೇಷನ್ನಿಗೆ ಹೂಂ ಅಂದಿದ್ದಾಳೆ. ಅವಳ ಎದುರಿಗೆ ಇದನ್ನು ಹೇಗೆ ಹೇಳಲಿ? ನೀವೇ ಹೇಳಿ."

ಕಾಮಾಕ್ಷಿ ಲೋಟಕ್ಕೆ ನೀರು ತುಂಬಿ ಪ್ರಾರ್ಥನಾಳ ಕೈಗಿಟ್ಟಳು.

"ಪ್ರಾರ್ಥನಾ, ನಿನಗೆ ಬರಬೇಡ ಅಂದಿದ್ದೆ," ಎಂದರು ಅವರು, ಗದರಿಕೆಯಿಲ್ಲದೆ.

"ಆ ಸದ್ದು ಅವರದೂ ಹೌದಲ್ಲ, ಬೆನ್," ಎಂದಳು ಪ್ರಾರ್ಥನಾ, ದುಪಟ್ಟಾದಿಂದ ಮೂಗೊರೆಸಿಕೊಳ್ಳುತ್ತಾ. "ಮನೆಯಲ್ಲಿ ಫೋಟೊ ಇದೆ, ಅಂಗಿ ಇದೆ. ಇದಿಲ್ಲ. ಹಿಂದೆ ನಿಂತು ಕೇಳಿ ಹೋಗುತ್ತೇನೆ. ಯಾರಿಗೂ ಮುಖ ತೋರಿಸುವುದಿಲ್ಲ."

ಒಳಗೆ ಸಾರಂಗಿಯ ತಂತಿ ಸರಿಮಾಡುವ ಸದ್ದು ಕೇಳಿತು. ಕಾಮಾಕ್ಷಿ ಗಂಡನ ಪಕ್ಕದ ತನ್ನ ಕುರ್ಚಿಗೆ ಹೋಗಲಿಲ್ಲ. ಪ್ರಾರ್ಥನಾಳ ಕೈ ಹಿಡಿದು ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕುಳಿತಳು.

ದೀಪ ತಗ್ಗಿಸಿದರು. "ಇದು ಸೂರತ್ತಿನ ಮನಸ್ವಿನಿಯ ಹೃದಯ," ಎಂದಿತು ಮೈಕು. ಸ್ಪೀಕರಿನಲ್ಲಿ ಮೊದಲು ಗಾಳಿ ಬೀಸಿದಂಥ ಸದ್ದು, ಆಮೇಲೆ ಬಡಿತ.

ಕಾಮಾಕ್ಷಿ ಉಸಿರು ಹಿಡಿದು ಕೇಳಿದಳು. ಗುರುತು ಸಿಗಬೇಕು ಎಂದು ಕಾದಳು. ಹೊಟ್ಟೆಯಲ್ಲಿ ಹೊತ್ತದ್ದು, ಎದೆಗೊತ್ತಿಕೊಂಡು ಮಲಗಿಸಿದ್ದು, ಆಸ್ಪತ್ರೆಯಲ್ಲಿ ಅಂಗೈಯಡಿ ಬಡಿದದ್ದು. ತನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಆದರೆ ಅದು ದೂರದ ಕಲ್ಲಿನ ಮೇಲೆ ಯಾರೋ ಒದ್ದೆ ಬಟ್ಟೆ ಒಗೆಯುತ್ತಿರುವ ಹಾಗಿತ್ತು. ಯಾರ ಎದೆಯಾದರೂ ಆಗಬಹುದಿತ್ತು. ಸಾರಂಗಿ ಅಳತೊಡಗಿತು, ತಬಲಾದವನು ಬಡಿತದ ಸಂದಿನಲ್ಲಿ ಬೆರಳಾಡಿಸುತ್ತಾ, ಒಮ್ಮೆ ಅದರ ಹಿಂದೆ, ಒಮ್ಮೆ ಮುಂದೆ ಓಡುತ್ತಾ ಸಭೆಯನ್ನು ಸೆಳೆದುಕೊಂಡ. ಜನ ಕಣ್ಣೊರೆಸಿಕೊಂಡರು. ಕಾಮಾಕ್ಷಿಯ ಕಣ್ಣು ಒಣಗಿಯೇ ಇತ್ತು. ಮುಂದಿನ ಸಾಲಿನಲ್ಲಿ ಸುಬ್ಬರಾಯ ತಲೆ ತಗ್ಗಿಸಿ ಕುಳಿತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಇಷ್ಟು ಬಾಗಿದ್ದು ಯಾವಾಗ ಎಂದು ಅವಳಿಗೆ ಆಶ್ಚರ್ಯವಾಯಿತು.

ಕೊನೆಗೆ ವಾದ್ಯಗಳೆರಡೂ ಒಟ್ಟಿಗೆ ನಿಂತವು. ಬರೀ ಬಡಿತ ಉಳಿಯಿತು. ಅದು ನಿಲ್ಲುವ ಮುಂಚೆ, ಹಿಡಿದಿಟ್ಟ ಸದ್ದಿನೊಳಗಿಂದ, ಒಬ್ಬ ಗಂಡಸಿನ ದನಿ, ತುಸು ಬೇಸರದಿಂದ, ತುಸು ನಗುತ್ತಾ ಕೇಳಿತು:

"ಬಸ್? ಥೈ ಗಯುಂ?"

ಸಾಕಾ? ಆಯ್ತಾ?

ಸಭೆ ಅಕ್ಕರೆಯಿಂದ ನಕ್ಕಿತು, ಚಪ್ಪಾಳೆ ತಟ್ಟಿತು. ಪ್ರಾರ್ಥನಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಮುಂದಿನ ಕುರ್ಚಿಯ ಬೆನ್ನಿಗೆ ಹಣೆ ಹಚ್ಚಿದಳು. ಅವಳ ಉಗುರು ಕಾಮಾಕ್ಷಿಯ ಅಂಗೈಯೊಳಗೆ ಇಳಿದಿತ್ತು. ಕಾಮಾಕ್ಷಿ ಕೈ ಬಿಡಿಸಿಕೊಳ್ಳಲಿಲ್ಲ. ಅವಳಿಗೆ ಆಗ ಅಳು ಬಂತು. ಮಗಳಿಗಾಗಿ ಅಲ್ಲ, ತಾನು ನೋಡಲು ಒಪ್ಪದ, ಜೆರಾಕ್ಸ್ ಅಂಗಡಿಯ ಆ ಗಂಡಸಿಗಾಗಿ.

ಸನ್ಮಾನಕ್ಕೆ ಹೆಸರು ಕೂಗಿದರು. ಕೇತನ್‌ಭಾಯಿಗೆ ಬರಲಾಗಲಿಲ್ಲ, ಅವರ ನಮಸ್ಕಾರಗಳು ನಮ್ಮೊಂದಿಗಿವೆ ಎಂದರು ಶಕುಂತಲಾಬೆನ್, ಕಾಗದ ನೋಡುವವರಂತೆ ತಲೆ ತಗ್ಗಿಸಿ. ಕಾಮಾಕ್ಷಿ ಹಿಂದಿನಿಂದ ನಡೆದುಬಂದು ಗಂಡನ ಪಕ್ಕ ನಿಂತಳು. ಹೆಗಲಿಗೆ ಶಾಲು ಬಂತು, ಕೈಗೆ ಮೈಕು ಬಂತು. ಸುಬ್ಬರಾಯ ಅವಳನ್ನು ನೋಡಿದ. ಇಷ್ಟು ದಿನ ಎಲ್ಲೂ ಬಾರದವಳು ಏನು ಹೇಳುತ್ತಾಳೋ ಎಂಬ ಹೆದರಿಕೆ ಅವನ ಮುಖದಲ್ಲಿತ್ತು. ಕೆಳಗೆ ನಳಿಕೆಯ ಹೆಂಗಸು ಬಾಯಿ ತುಸು ತೆರೆದು, ಒಂದು ಮಾತೂ ತಪ್ಪಿಹೋಗದಂತೆ ಕತ್ತೆತ್ತಿ ಕಾಯುತ್ತಿದ್ದಳು. ದೂರದಲ್ಲಿ ಕಂಬದ ಪಕ್ಕ ಪ್ರಾರ್ಥನಾ ಎದ್ದು ನಿಂತಿದ್ದಳು.

"ನಾನು ಕೇಳಿದೆ," ಎಂದಳು ಕಾಮಾಕ್ಷಿ ಗುಜರಾತಿಯಲ್ಲಿ. ಮುಂದೆ ಏನಾದರೂ ಬರುತ್ತದೆಂದು ಸಭೆ ಕಾಯಿತು. "ಚೆನ್ನಾಗಿ ಕೇಳಿಸಿತು." ಅಷ್ಟು ಹೇಳಿ ಮೈಕು ಹಿಂದಕ್ಕೆ ಕೊಟ್ಟಳು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಮತ್ತೆ ನೋಡುವಷ್ಟರಲ್ಲಿ ಕಂಬದ ಪಕ್ಕ ಯಾರೂ ಇರಲಿಲ್ಲ.

ಸೂರತ್ತಿಗೆ ಹೋಗುವ ಮಧ್ಯಾಹ್ನದ ಗಾಡಿಯಲ್ಲಿ ಕಿಟಕಿ ಬದಿಯ ಜಾಗ ಸಿಕ್ಕಿತು. ಬಹಳ ಹೊತ್ತು ಇಬ್ಬರೂ ಹೊರಗೆ ನೋಡುತ್ತಾ ಕುಳಿತರು. ಹತ್ತಿಯ ಬೋಳು ಹೊಲಗಳು, ಇಟ್ಟಿಗೆ ಗೂಡುಗಳು ಹಿಂದಕ್ಕೆ ಸರಿದವು.

"ಹಿಂದೆ ಹೋಯ್ ಕೂಕಂಡೆ ಯಾಕೆ?" ಎಂದ ಸುಬ್ಬರಾಯ.

"ಮುಂದೆ ಸೌಂಡ್ ಜಾಸ್ತಿ ಆತಿತ್ತ್."

"ಕೇಂಡ್ಯಾ ಸಮಾ?"

"ಕೇಂಡೆ."

ಅವನು ಕಿಟಕಿಯ ಕಡೆಗೇ ಮುಖವಿಟ್ಟು ಕೇಳಿದ: "ಬಡೀತಾ ಇತ್ತ್ ಅಲ್ದಾ?"

"ಇತ್ತ್," ಎಂದಳು ಅವಳು.

ಕುಂದಾಪುರದ ಕಡೆ ಆ ಮಾತಿಗೆ ಇದೆ ಎಂದೇ ಅರ್ಥ. ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ ಅದೇ ಮಾತು ಮುಗಿದುಹೋದದ್ದನ್ನು ಹೇಳುತ್ತದೆ. ಸುಳ್ಳು ಹೇಳಿದಂತಾಗಲಿಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಳು. ಇನ್ನು ಅವನು ಕೇತನನ ಸುದ್ದಿ ಎತ್ತುತ್ತಾನೆ, ಯಾಕೆ ಬರಲಿಲ್ಲವಂತೆ ಎಂದು ಕೇಳುತ್ತಾನೆ, ಆಗ ಏನು ಹೇಳಲಿ ಎಂದು ಮಾತು ಹುಡುಕುತ್ತಾ ಕುಳಿತಳು.

ಅವನು ಕೇಳಲಿಲ್ಲ. ಮಿಯಾಗಾಮ್ ಸ್ಟೇಷನ್ ಕಳೆದರೂ ಕೇಳಲಿಲ್ಲ. ಬೆಳಿಗ್ಗೆ ಗ್ಯಾಲರಿಯಲ್ಲೂ, ಮೈಕಿನಲ್ಲಿ ಕೇತನನ ಹೆಸರು ಬಂದಾಗಲೂ ಅವನು ತಲೆಯೆತ್ತಿ ಸುತ್ತ ನೋಡಿರಲಿಲ್ಲ. ಪ್ರತಿ ಭಾನುವಾರ ಆ ಹುಡುಗನಿಗೆ ಫೋನು ಮಾಡಿ ಮಾತ್ರೆ ತೆಗೆದುಕೊಂಡೆಯಾ ಎಂದು ವಿಚಾರಿಸುತ್ತಿದ್ದವನು. ಆ ಫೋನು ನಿಂತದ್ದು ಯಾವಾಗ? ತನ್ನ ಸಿಟ್ಟಿಗೆ ಹೆದರಿ ನಿಲ್ಲಿಸಿದ ಎಂದುಕೊಂಡಿದ್ದಳು. ಯೋಚಿಸುತ್ತಾ ಹೋದಂತೆ ದೀಪಾವಳಿಯ ನಂತರದ ಒಂದು ಮಧ್ಯಾಹ್ನ ನೆನಪಾಯಿತು. ಹೋಟೆಲಿನಲ್ಲಿ ಊಟದ ಗದ್ದಲ. ಗಲ್ಲಾ ಬಿಟ್ಟು ಎದ್ದವನು ಹಿತ್ತಲಿನ ನಲ್ಲಿಯ ಕೆಳಗೆ ಉಟ್ಟ ಬಟ್ಟೆಯಲ್ಲೇ ಕುಳಿತು ತಲೆಗೆ ತಣ್ಣೀರು ಸುರಿದುಕೊಂಡಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಎಂತಕ್ಕೆ ಮೀಂದದ್ದು ಎಂದು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು. "ಸೆಕೆ," ಎಂದಿದ್ದ. ನೀರಿಳಿಯುವ ಪಂಚೆಯಲ್ಲಿ ಅಲ್ಲೇ ಬಹಳ ಹೊತ್ತು ನಿಂತಿದ್ದ. ಅವಳು ಒಗ್ಗರಣೆ ಸೀಯುತ್ತದೆಂದು ಒಳಗೆ ಹೋಗಿಬಿಟ್ಟಿದ್ದಳು. ಸಾವಿನ ಸುದ್ದಿ ಕೇಳಿದವರು ಹಾಗೆ ಉಟ್ಟ ಬಟ್ಟೆಯಲ್ಲೇ ಮೀಯುತ್ತಾರೆ ಎಂಬುದು ಅವಳಿಗೆ ಈಗ ಹೊಳೆಯಿತು.

ಕಾಮಾಕ್ಷಿ ತಿರುಗಿ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ.

ಭರೂಚದ ಹತ್ತಿರ ಗಾಡಿ ನರ್ಮದೆಯ ಸೇತುವೆಗೆ ಏರಿತು. ಕಬ್ಬಿಣದ ಸದ್ದು ಬೋಗಿಯೊಳಗೆಲ್ಲ ತುಂಬಿ ಯಾರ ಮಾತೂ ಯಾರಿಗೂ ಕೇಳದಂತಾಯಿತು. ಎದುರಿನ ಸೀಟಿನವರು ಕಿಟಕಿಯಿಂದ ಚಿಲ್ಲರೆ ಎಸೆದು ಕೈ ಮುಗಿದರು. ಸುಬ್ಬರಾಯ ಎದ್ದು, ಕಿಟಕಿಯ ಸರಳು ಹಿಡಿದು, ನದಿಯ ಕಡೆ ಮುಖಮಾಡಿ ನಿಂತ. ಅವನ ತುಟಿ ಅಲುಗುತ್ತಿತ್ತು. ಕಾಮಾಕ್ಷಿ ಹೆಗಲ ಮೇಲಿದ್ದ ಶಾಲನ್ನು ಸೀಟಿನ ಮೇಲಿಟ್ಟು ತಾನೂ ಎದ್ದು ಅವನಿಗೆ ತಾಗಿಕೊಂಡು ನಿಂತಳು. ಕೆಳಗೆ ನೀರು, ಇಳಿಬಿಸಿಲಿನಲ್ಲಿ, ದಡದಿಂದ ದಡಕ್ಕೆ ಅಲುಗದೆ ಬಿದ್ದುಕೊಂಡಿತ್ತು.